ಮೇಣದಬತ್ತಿ ಉರಿಯುತ್ತಿರುವಾಗ ಸ್ನೋ ಸ್ಪ್ರೇ ಯಾಕೆ?

ನಿನ್ನೆ ಸಂಜೆ ಒಂದು ಹುಟ್ಟುಹಬ್ಬಕ್ಕೆ ಹೋಗಿದ್ದೆ. ಮಗುವಿಗೆ ಮೂರು ತುಂಬಿತ್ತು. ಮೈತುಂಬ ನೆಟ್ ಇರುವ ಫ್ರಾಕು, ಎದುರಿಗೆ ಉರಿಯುವ ಮೇಣದಬತ್ತಿ, ಸುತ್ತ ಸ್ನೋ ಸ್ಪ್ರೇ ಡಬ್ಬಿ ಹಿಡಿದು ನಿಂತ ದೊಡ್ಡವರು. ನಾನು ಹೋಗಿ ಡಬ್ಬಿಗಳನ್ನು ಕಿತ್ತುಕೊಂಡೆ. ಮನೆಯವರಿಗೆ ಬೇಜಾರಾಯಿತು. ಆಗಲಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಆ ಡಬ್ಬಿಯಿಂದ ನೊರೆಯನ್ನು ಹೊರಗೆ ತಳ್ಳುವುದು ಹೆಚ್ಚಾಗಿ ಬ್ಯೂಟೇನ್, ಪ್ರೊಪೇನ್ ಥರದ ಗ್ಯಾಸು. ಅಡುಗೆಮನೆ ಸಿಲಿಂಡರಿನಲ್ಲಿ ಇರುವುದೂ ಅವೇ. ಮಗುವಿನ ಮುಖದ ಹತ್ತಿರ ಬೆಂಕಿ ಇಟ್ಟು, ಅದರ ಮೇಲೆ ಗ್ಯಾಸು ಬಿಡುತ್ತಿದ್ದೇವೆ. ಕೂದಲು ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು? ಸ್ಪ್ರೇ ಬೇಕೇ ಬೇಕು ಅನ್ನುವವರು ಬತ್ತಿ ಬಿಡಿ. ಎರಡೂ ಒಟ್ಟಿಗೆ ಬೇಡ.

"ವರ್ಷಕ್ಕೊಂದು ದಿನ, ಮಕ್ಕಳ ಖುಷಿ ಅಲ್ವಾ" ಎಂದರು ಒಬ್ಬರು. ಯಾವ ಮಗುವಿನ ಖುಷಿ? ಆ ಮಗು ಸ್ಪೀಕರ್ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುತ್ತಿತ್ತು. ಫೋಟೊದವರು "ಸ್ಮೈಲ್ ಮಾಡು ಪುಟ್ಟಾ" ಎನ್ನುತ್ತಲೇ ಇದ್ದರು. ಮಧ್ಯಾಹ್ನದ ನಿದ್ದೆ ತಪ್ಪಿಸಿ, ರಾತ್ರಿ ಎಂಟಕ್ಕೆ ಕೇಕ್ ಕತ್ತರಿಸಲು ನಿಲ್ಲಿಸಿದರೆ ಯಾವ ಮಗು ನಗುತ್ತದೆ ಹೇಳಿ. ಖುಷಿ ಪಟ್ಟವರೆಲ್ಲ ದೊಡ್ಡವರೇ. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಬಲೂನಿನ ಕಡೆಗೂ ಸ್ವಲ್ಪ ನೋಡಿ. ಹೀಲಿಯಂ ಉರಿಯುವುದಿಲ್ಲ, ಆದರೆ ದುಬಾರಿ. ಹಾಗಾಗಿ ಎಷ್ಟೋ ಕಡೆ ಹೈಡ್ರೋಜನ್ ತುಂಬಿ ಕೊಡುತ್ತಾರೆ. ಅದಕ್ಕೆ ಒಂದು ಕಿಡಿ ಸಾಕು. ಪಂಪಿನಲ್ಲಿ ಗಾಳಿ ಹೊಡೆದು ಗೋಡೆಗೆ ಅಂಟಿಸಿದರೂ ಚೆನ್ನಾಗಿಯೇ ಕಾಣುತ್ತದೆ. ಒಡೆದ ಚೂರನ್ನು ಮಾತ್ರ ತಕ್ಷಣ ಎತ್ತಿಬಿಡಿ. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಇಡೀ ದ್ರಾಕ್ಷಿ, ಕಡಲೆಬೀಜವೂ ಹಾಗೇ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ.

ಇನ್ನು ಹೊಗೆ ಬಿಸ್ಕತ್ತು, ಅಂದರೆ ದ್ರವ ಸಾರಜನಕದಲ್ಲಿ ಅದ್ದಿ ಕೊಡುವ, ತಿಂದಾಗ ಬಾಯಿಂದ ಹೊಗೆ ಬರುವ ಬಿಸ್ಕತ್ತು. 2024ರಲ್ಲಿ ದಾವಣಗೆರೆಯಲ್ಲಿ ಹುಡುಗನೊಬ್ಬ ಅದನ್ನು ತಿಂದು ನೋವಿನಿಂದ ಒದ್ದಾಡಿದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ದ್ರವ ಸಾರಜನಕ ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಂಪು. ಅದು ಪೂರ್ತಿ ಆವಿಯಾಗುವ ಮೊದಲೇ ಬಾಯಿಗೆ ಹೋದರೆ ಒಳಗೆಲ್ಲ ಸುಡುತ್ತದೆ. ಅದೇ ವರ್ಷ ಮಾರ್ಚಿನಲ್ಲಿ ಬಟ್ಟೆಗೆ ಹಾಕುವ ಗುಲಾಬಿ ಬಣ್ಣ ರೋಡಮೈನ್-ಬಿ ಸಿಕ್ಕಿದ್ದಕ್ಕೆ ನಮ್ಮ ರಾಜ್ಯದಲ್ಲಿ ಬಣ್ಣದ ಕಾಟನ್ ಕ್ಯಾಂಡಿಯನ್ನೂ ನಿಷೇಧಿಸಿದರು. ಇಷ್ಟೆಲ್ಲ ಗೊತ್ತಿದ್ದೂ ಪಾರ್ಟಿಗಳಲ್ಲಿ ಹೊಗೆ ಬೇಕು, ಬೆಂಕಿ ಬೇಕು, ಕಡು ಗುಲಾಬಿ ಬಣ್ಣದ ಕೇಕೇ ಬೇಕು. ನೋಡುವವರಿಗಾಗಿ!

ಮೂರು ವರ್ಷದ ಮಗುವಿಗೆ ಬೇಕಾಗಿರುವುದು ನಾಲ್ಕೈದು ಗೆಳೆಯರು, ಓಡಾಡಲು ಜಾಗ, ಅಜ್ಜಿ ಎತ್ತುವ ಆರತಿ, ಒಂದು ಲೋಟ ಪಾಯಸ. ಜೊತೆಗೆ ಗೇಟಿನ ಮೇಲೆ, ನೀರಿನ ತೊಟ್ಟಿಯ ಮೇಲೆ ಕಣ್ಣಿಟ್ಟ ಒಬ್ಬ ದೊಡ್ಡವರು. ಬಂದವರನ್ನು ಮಾತಾಡಿಸುವ ಕೆಲಸ ಅವರಿಗೆ ಬೇಡ.

ಮುಂದಿನ ಭಾನುವಾರ ನಮ್ಮ ಪುಟ್ಟಿಗೆ ನಾಲ್ಕು ತುಂಬುತ್ತದೆ. ಅವಳ ವೀಸಿಂಗ್ (ಉಸಿರಾಡುವಾಗ ಎದೆ ಸುಯ್‌ಗುಡುವ ತೊಂದರೆ) ವಿಷಯ ನಿಮಗೆಲ್ಲ ಗೊತ್ತೇ ಇದೆ. ನಾಲ್ಕೂವರೆಗೆ ಬನ್ನಿ, ಆರೂವರೆಗೆ ಮುಗಿಸುತ್ತೇವೆ. ಸ್ಪ್ರೇ ತಂದರೆ ಬಾಗಿಲಲ್ಲೇ ಇಸಿದುಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.