ಕೊಟ್ಟಿಗೆಯ ಮುಂದೆ ಮೂಗು ಮುಚ್ಚಿಕೊಂಡವನಿಗೆ

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಆರ್ನಲ್ ಹಳ್ಳಿಯಲ್ಲಿ ಹಾಗೆಯೇ ಉಳಿಸಿಕೊಂಡಿರುವ ‘ಬ್ಲ್ಯಾಕ್‌ಹೌಸ್’ ಎಂಬ ಹಳೆಯ ಹುಲ್ಲುಸೂರಿನ ಮನೆಯೊಂದರ ವೀಡಿಯೊವನ್ನು ಈಗಷ್ಟೇ ನೋಡಿದೆ. 1966ರವರೆಗೂ ಜನರಿದ್ದ ಆ ಮನೆಯಲ್ಲಿ ಮನುಷ್ಯರಿಗೂ ಹಸುಗಳಿಗೂ ಒಂದೇ ಸೂರು ಎನ್ನುತ್ತ ನಿರೂಪಕ ಮಹಾಶಯ ಮೂಗು ಹಿಡಿದುಕೊಂಡು ನಕ್ಕ. ಆ ದ್ವೀಪಗಳ ಹುಚ್ಚು ನನಗೆಷ್ಟಿದೆಯೆಂದು ಬಲ್ಲ ಗೆಳೆಯರು ನನಗೇಕೆ ಸಿಟ್ಟು ಬಂತೆಂದು ಕೇಳಲಾರರು.

ಅವನ ಲೆಕ್ಕದಲ್ಲಿ ಹಸುವೆಂದರೆ ಹಾಲು, ಕುರಿಯೆಂದರೆ ಉಣ್ಣೆ, ಉಳಿದದ್ದೆಲ್ಲ ಕೊಳಕು. ಆ ಕೊಳಕೇ ಮನೆಯವರ ಹೊಟ್ಟೆ ತುಂಬಿಸುತ್ತಿತ್ತು! ಹುಳಿಮಣ್ಣಿನ, ಜವುಗಿನ ಆ ನೆಲದಲ್ಲಿ ಗೊಬ್ಬರವಿಲ್ಲದೆ ಆಲೂಗಡ್ಡೆಯಾಗಲಿ ಬಾರ್ಲಿಯಾಗಲಿ ಏಳುತ್ತಿರಲಿಲ್ಲ; ಆದ್ದರಿಂದ ಚಳಿಗಾಲವಿಡೀ ಸಗಣಿಯನ್ನು ಕೊಟ್ಟಿಗೆಯಲ್ಲೇ ಬೀಳಲು ಬಿಟ್ಟು, ವಸಂತ ಬಂದಾಗ ಹೊರತೆಗೆದು, ಕಡಲಪಾಚಿಯೊಂದಿಗೆ ಹೊಲಕ್ಕೆ ಹಾಕುತ್ತಿದ್ದರು. ಒಲೆಯ ಹೊಗೆಯಲ್ಲಿ ಮಸಿಗಟ್ಟಿದ ಸೂರಿನ ಹುಲ್ಲೂ ಗೊಬ್ಬರವಾಗುತ್ತಿತ್ತು. ಗಾಳಿ ಎಂದೂ ನಿಲ್ಲದ ದ್ವೀಪದಲ್ಲಿ ಹಸುವಿನ ಮೈಯ ಕಾವು ಮನೆಯೊಳಗೂ ಹರಡುತ್ತಿತ್ತೆಂಬುದನ್ನು ಬೇರೆ ಹೇಳಬೇಕೆ? ಬೇಸಿಗೆಯಲ್ಲಿ ಹೆಂಗಸರೂ ಹುಡುಗಿಯರೂ ದನಗಳೊಂದಿಗೆ ದೂರದ ಮೇವುಗಾವಲಿಗೆ ಹೋಗಿ, ಅಲ್ಲಿನ ಗುಡಿಸಲುಗಳಲ್ಲಿ ತಂಗಿ, ಬೆಣ್ಣೆ ಮತ್ತು ಚೀಸ್ ಮಾಡುತ್ತಿದ್ದರು. ದನಗಳು ದೂರ ಹೋದುದರಿಂದಲೇ ಮನೆಯ ಬಳಿಯ ಬೆಳೆ ಉಳಿಯುತ್ತಿತ್ತು.

ರೋಗದ ಮಾತೂ ಇದೆಯಲ್ಲ ಎನ್ನುವಿರಿ. ಇದೆ, ಆ ದ್ವೀಪದಲ್ಲಿ ಕ್ಷಯ ನಿಜವಾಗಿಯೂ ಜನರನ್ನು ಕಾಡಿತ್ತು. ಆದರೆ 1886ರ ಕಾಯಿದೆ ಗೇಣಿದಾರರಿಗೆ ಭದ್ರತೆ ಕೊಡುವವರೆಗೂ, ಮನೆಯನ್ನು ಚೆನ್ನಾಗಿ ಕಟ್ಟಿಕೊಂಡವನು ಗೇಣಿ ಏರಿದರೂ, ಎದ್ದು ಹೋಗೆಂದರೂ ಸುಮ್ಮನಿರಬೇಕಾಗಿದ್ದ ಕಡೆ, ದನಕ್ಕೆ ಬೇರೆ ಕೊಟ್ಟಿಗೆ ಕಟ್ಟಿರೆಂದು ಉಪದೇಶಿಸುವುದು ಹೊಟ್ಟೆ ತುಂಬಿದವರ ಕೆಲಸ. (ಇಂದು ಅದೇ ಸಗಣಿಯನ್ನು ಚೀಲದಲ್ಲಿ ತುಂಬಿ ‘ಸಾವಯವ’ ಎಂದು ಬರೆದರೆ ನಮ್ಮ ನಿರೂಪಕನೇ ಮೊದಲ ಗಿರಾಕಿಯಾಗಬಹುದು.)

ಉಣ್ಣೆಯ ಮಾತು ಬಂದಾಗ ಮಾತ್ರ ಅವನ ಮುಖ ಅರಳಿತು. ಹ್ಯಾರಿಸ್ ಟ್ವೀಡ್ ಬಟ್ಟೆಯನ್ನು ಆ ದ್ವೀಪವಾಸಿಗಳು ತಮ್ಮ ಮನೆಯಲ್ಲೇ ಕೈಯಿಂದ ನೇಯಬೇಕೆಂಬ 1993ರ ಕಾನೂನನ್ನು ಭಕ್ತಿಯಿಂದ ವಿವರಿಸಿದ. ಅಂಗಡಿಗೆ ಬರುವ ಭಾಗಕ್ಕೆ ಗೌರವ, ಹೊಲಕ್ಕೆ ಹೋಗುವ ಭಾಗಕ್ಕೆ ಅಸಹ್ಯ! ಗೇಣಿ ಕಟ್ಟಲು ದನವನ್ನೇ ಮಾರುತ್ತಿದ್ದ ಆ ಮನೆಗಳಲ್ಲಿ ದನದ ಮಾಂಸ ತಟ್ಟೆಗೆ ಬರುವುದೇ ಅಪರೂಪವಾಗಿತ್ತೆಂಬ ಸಂಗತಿಯನ್ನು ಅವನು ಎತ್ತಲೇ ಇಲ್ಲ. ಮೂಗಿನ ಮೇಲಿನ ಕೈಯನ್ನು ಇಳಿಸಿದ್ದರೆ ಅದನ್ನು ಕೇಳಲು ಅವನಿಗೆ ಬಿಡುವಾಗುತ್ತಿತ್ತೇನೋ.