ಬಣ್ಣ ಕಳಚುವ ಹೊತ್ತು

2022ರ ನವೆಂಬರ್ 22ರಂದು ವಿಶ್ವಕಪ್ ಫುಟ್‌ಬಾಲಿನಲ್ಲಿ ಅರ್ಜೆಂಟೀನಾ ತಂಡ ಸೌದಿ ಅರೇಬಿಯಾದ ಎದುರು 2-1ರಿಂದ ಸೋತಾಗ ನನ್ನ ಅಣ್ಣನ ಮಗ ಹೊಸದಾಗಿ ಕೊಂಡ ಜೆರ್ಸಿ ತೊಟ್ಟು ಟಿವಿಯ ಮುಂದೆ ಕುಳಿತಿದ್ದ. ಸೋಲಿಗೆ ಆ ಹೊಸ ಅಂಗಿಯೇ ಕಾರಣವೆಂದು ಅವನಿಗೆ ಅದೇ ಸಂಜೆ ಮನವರಿಕೆಯಾಯಿತು. ಅದನ್ನು ಕಪಾಟಿನ ತಳಕ್ಕೆ ತುರುಕಿ, ಕಂಕುಳಲ್ಲಿ ಹೊಲಿಗೆ ಬಿಟ್ಟಿದ್ದ ಹಳೆಯದೊಂದನ್ನು ಹೊರತೆಗೆದವನು ಡಿಸೆಂಬರ್ 18ರ ಫೈನಲ್ ಮುಗಿಯುವವರೆಗೆ ಪ್ರತಿ ಪಂದ್ಯಕ್ಕೂ ಅದನ್ನೇ ತೊಟ್ಟ. ಒಮ್ಮೆಯೂ ಒಗೆಯಲು ಕೊಡಲಿಲ್ಲ. “ಶಬರಿಮಲೆಗೆ ಮಾಲೆ ಹಾಕಿದಾಗಲೂ ಇವನಿಗೆ ಇಷ್ಟು ನಿಷ್ಠೆ ಇರಲಿಲ್ಲ” ಎಂದು ಅತ್ತಿಗೆ ಮೂಗು ಮುಚ್ಚಿಕೊಂಡು ಹೇಳುತ್ತಿದ್ದರು. ಆ ವ್ರತದಲ್ಲಿ ಎರಡು ಹೊತ್ತು ಮೀಯಬೇಕು, ಈ ವ್ರತದಲ್ಲಿ ನೀರು ಸೋಕಬಾರದು ಎಂಬುದಷ್ಟೇ ವ್ಯತ್ಯಾಸ.

ಕಾಸರಗೋಡಿನಲ್ಲಿ ಬದುಕುವವರಿಗೆ ಒಂದು ಅನುಕೂಲವಿದೆ. ಒಂದೇ ಸಂಗತಿಗೆ ಅಕ್ಕಪಕ್ಕದ ಭಾಷೆಗಳು ಇಟ್ಟ ಹೆಸರುಗಳನ್ನು ನಾವು ಪೇಟೆಗೆ ಹೋಗಿ ಬರುವಷ್ಟರಲ್ಲಿ ಕೇಳಿಸಿಕೊಳ್ಳುತ್ತೇವೆ. ಮಲಯಾಳ ಪತ್ರಿಕೆಗಳು ತಾರೆಯರ ಮತ್ತು ತಂಡಗಳ ಹಿಂಬಾಲಕರನ್ನು ‘ಆರಾಧಕರ್’ ಎಂದು ಬರೆಯುತ್ತವೆ; ಅಲ್ಲಿ ಪೂಜೆಯ ವಿಷಯದಲ್ಲಿ ಮುಚ್ಚುಮರೆಯೇ ಇಲ್ಲ. ತಮಿಳರು ‘ರಸಿಗರ್’ ಎನ್ನುತ್ತಾರೆ, ನಮ್ಮ ರಸಿಕನೇ ಅವನು. ಕನ್ನಡದಲ್ಲಿ ‘ಅಭಿಮಾನಿ’, ಅಂದರೆ ಇನ್ನೊಬ್ಬರ ಗೆಲುವಿನಲ್ಲಿ ತನ್ನ ಮಾನವನ್ನೂ ಅಡವಿಟ್ಟವನು. ಇಂಗ್ಲಿಷಿನ ‘ಫ್ಯಾನ್’ ಎಂಬ ಪದದ ಬೇರನ್ನು ಹುಡುಕುತ್ತ ಹೋದರೆ ದೇವಾಲಯ ಎಂಬ ಅರ್ಥದ ‘ಫಾನುಮ್’ ಎಂಬ ಲ್ಯಾಟಿನ್ ಶಬ್ದಕ್ಕೆ ಹೋಗಿ ಮುಟ್ಟುತ್ತೇವೆ.

ಯುವಕರು ದೇವರನ್ನು ಬಿಟ್ಟು ತಾರೆಯರ ಹಿಂದೆ ಹೋದರು ಎಂಬ ಮಾತನ್ನು ಭಜನಾ ಮಂದಿರದ ಸಭೆಗಳಲ್ಲಿ ಆಗಾಗ ಕೇಳುತ್ತೇನೆ. 2022ರ ಆ ದಿನಗಳಲ್ಲೇ ಕೇರಳದ ಮುಸ್ಲಿಂ ವಿದ್ವಾಂಸರ ‘ಸಮಸ್ತ’ ಸಂಘಟನೆಯ ಖತೀಬರ, ಅಂದರೆ ಮಸೀದಿಗಳಲ್ಲಿ ಶುಕ್ರವಾರದ ಪ್ರವಚನ ನೀಡುವವರ, ಸಮಿತಿಯೂ ಫುಟ್‌ಬಾಲಿನ ಹುಚ್ಚು ನಮಾಜನ್ನು ಮರೆಸಬಾರದು, ಆಟಗಾರರ ಮೇಲಿನ ಪ್ರೀತಿ ಆರಾಧನೆಯಾಗಬಾರದು ಎಂದು ಎಚ್ಚರಿಸಿತ್ತು. ಆತಂಕ ಅರ್ಥವಾಗುವಂಥದ್ದೇ. ಆದರೆ ನಾನು ಕಂಡಂತೆ ಯಾರೂ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿಲ್ಲ. ಫೈನಲ್ ದಿನ ಕವಲುದಾರಿಯ ಮೆಸ್ಸಿಯ ಫ್ಲೆಕ್ಸಿನ ಮುಂದೆ ತೆಂಗಿನಕಾಯಿ ಒಡೆದ ಹುಡುಗರೇ ಮರುವಾರ ಮಂದಿರದ ಏಕಾಹ ಭಜನೆಗೆ ಚಪ್ಪರ ಕಟ್ಟಿದರು. ಕಾಯಿ ಒಡೆಯುವುದು, ಹಾಲು ಹೊಯ್ಯುವುದು, ಹರಕೆ ಹೊರುವುದು ಅವರ ಕೈಗೆ ರೂಢಿಯಾಗಿದೆ. ಉಕ್ಕಿ ಬಂದ ಪ್ರೀತಿಯನ್ನು ತೋರಿಸಲು ಬೇರೆ ಭಾಷೆಯನ್ನು ಅವರಿಗೆ ಯಾರೂ ಕಲಿಸಿಲ್ಲ. ಬೆಂಗಳೂರಿನ ಐಪಿಎಲ್ ತಂಡದ ಮೇಲೆ 2008ರಿಂದ ಇಟ್ಟ ನಂಬಿಕೆಯನ್ನೇ ನೋಡಿ. ಹದಿನೇಳು ಸಲ ‘ಈ ಸಲ ಕಪ್ ನಮ್ದೇ’ ಎಂಬ ಭವಿಷ್ಯವಾಣಿ ಸುಳ್ಳಾದರೂ ಭಕ್ತಿ ಕರಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಗೆರೆಯ ಈಚೆಗೆ, ಕೇರಳದಲ್ಲಿ, ಉಳಿದುಬಿಟ್ಟ ನಮ್ಮಂಥವರಿಗೆ ಆ ಕೆಂಪು ಅಂಗಿ ಇನ್ನೂ ಒಂದು ಕೆಲಸ ಮಾಡಿಕೊಡುತ್ತದೆ: ನಾವೂ ಆ ಕಡೆಯವರೇ ಎಂದು ಅರ್ಜಿ ಬರೆಯದೆ ಹೇಳಿಕೊಳ್ಳಬಹುದು.

ಈ ಹೊಸ ಭಕ್ತಿಯಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ಬಾಗಿಲು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಸೀಮೆಯಲ್ಲಿ ದೇವಾಲಯ ಪ್ರವೇಶದ ಕಾಯಿದೆ ಬಂದದ್ದು 1947ರಲ್ಲಿ. ಕಾಯಿದೆ ಬಂದ ಮೇಲೂ ಅಂಗಳ ದಾಟಲು ಎಷ್ಟು ಕಾಲ ಹಿಡಿಯಿತೆಂದು ಹಿರಿಯರಿಗೆ ಗೊತ್ತು. ಸಿನಿಮಾ ಟೆಂಟಿನಲ್ಲಿ ಕೂರುವುದಕ್ಕೆ ಟಿಕೇಟಿನ ದುಡ್ಡೊಂದಿದ್ದರೆ ಸಾಕಾಗುತ್ತಿತ್ತು.

ಇಷ್ಟಾದರೂ ನನಗೊಂದು ಅನುಮಾನವಿದೆ, ಅದು ಹುಟ್ಟಿದ್ದು ಭೂತಸ್ಥಾನದ ಅಂಗಳದಲ್ಲಿ. ಮನುಷ್ಯನೊಬ್ಬ ದೇವರಾಗುವುದು ಚಂದ್ರಗಿರಿ ಹೊಳೆಯ ಎರಡೂ ಬದಿಯವರಿಗೆ ಹೊಸತಲ್ಲ. ಆಚೆ ತೆಯ್ಯಂ, ಈಚೆ ಕೋಲ. ವ್ರತ ಹಿಡಿದು, ಎಣ್ಣೆ ಬೂಳ್ಯ (ಕೋಲ ಕಟ್ಟಲು ಒಪ್ಪಿಗೆಯೆಂದು ಕೊಡುವ ಎಣ್ಣೆ, ವೀಳ್ಯ) ಪಡೆದು, ಮುಖಕ್ಕೆ ಅರದಾಳದ ಹಳದಿ ಹಚ್ಚಿ, ಕಾಲಿಗೆ ಗಗ್ಗರ ಕಟ್ಟಿ, ತಲೆಯ ಮೇಲೆತ್ತರಕ್ಕೆ ನಿಲ್ಲುವ ಅಣಿಯೆಂಬ ಅಲಂಕಾರ ಏರಿಸಿಕೊಂಡವನು ದೈವ. ಅವನ ಮುಂದೆ ಊರಿನ ಗುರಿಕಾರನೂ ಕೈಮುಗಿದು ನಿಲ್ಲಬೇಕು. ಮುಖ್ಯವಾದದ್ದೇನೆಂದರೆ ಆ ದೈವ ಮಾತಾಡುತ್ತದೆ. ಹೆಸರು ಹಿಡಿದು ಕರೆದು, ಕಳೆದ ವರ್ಷ ಹೇಳಿಕೊಂಡ ಹರಕೆ ಏನಾಯಿತೆಂದು ಕೇಳುತ್ತದೆ. ಅಣ್ಣತಮ್ಮಂದಿರ ಬೇಲಿಯ ಜಗಳಕ್ಕೆ ನುಡಿ ಕೊಡುತ್ತದೆ. ತೆಯ್ಯವಾದರೆ ಹಿಡಿ ಅರಿಸಿನ ಕೊಟ್ಟು ‘ಗುಣಂ ವರಣಂ’, ಒಳ್ಳೆಯದಾಗಲಿ, ಎಂದು ಹರಸುತ್ತದೆ. ನಾವೂ ಎದುರು ಮಾತಾಡಬಹುದು. ನಂಬಿದವರನ್ನು ಹೀಗೆ ಕೈಬಿಡಬಹುದೇ ಎಂದು ನನ್ನ ಅಜ್ಜಿ ಚಾಮುಂಡಿ ದೈವವನ್ನು ಗದರಿದ್ದನ್ನು ನಾನು ಕೇಳಿದ್ದೇನೆ. ತಾರೆಯೊಡನೆ ಈ ಮಾತುಕತೆ ಸಾಧ್ಯವಿಲ್ಲ. ಅವನ ಪರವಾಗಿ ಒಂದು ಕಂಪನಿ ಪೋಸ್ಟ್ ಹಾಕುತ್ತದೆ, ಲಕ್ಷ ಜನ ಹೃದಯದ ಗುರುತು ಒತ್ತುತ್ತಾರೆ.

ಬೆಳಗಾದ ಮೇಲೆ ದೈವ ಇಳಿಯುತ್ತದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ಕೋಲದ ಮರುದಿನ, ರಾತ್ರಿಯಿಡೀ ಬೆಂಕಿಯ ಬೆಳಕಿನಲ್ಲಿ ಅಬ್ಬರಿಸಿದ್ದ ಅದೇ ಮನುಷ್ಯ ಬಾವಿಕಟ್ಟೆಯ ಬಳಿ ಕುಕ್ಕರಗಾಲಲ್ಲಿ ಕುಳಿತು, ಅಂಗೈಯಲ್ಲಿ ತೆಂಗಿನೆಣ್ಣೆ ಹಿಡಿದು ಮುಖದ ಹಳದಿಯನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದ. ಕಿವಿಯ ಹಿಂದೆ ಸ್ವಲ್ಪ ಬಣ್ಣ ಉಳಿದೇ ಇತ್ತು. ನನ್ನನ್ನು ಕಂಡು, “ಈ ಸಲ ಅಡಕೆಗೆ ಧಾರಣೆ ಎಷ್ಟಂತೆ, ಅಪ್ಪನಿಗೆ ಗೊತ್ತುಂಟೋ?” ಎಂದು ಕೇಳಿದ. ಎಷ್ಟು ಹೊತ್ತು ದೇವರಾಗಿರಬೇಕು, ಯಾವಾಗ ಮನೆಗೆ ಹೋಗಬೇಕು ಎಂಬ ಕರಾರು ಇಲ್ಲಿದೆ ಎಂದು ಬಹಳ ವರ್ಷಗಳ ನಂತರ ನಾನು ಅದಕ್ಕೆ ಅರ್ಥ ಕಟ್ಟಿಕೊಂಡೆ, ಒಂದೆರಡು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಿಯೂ ಬಿಟ್ಟೆ. ಹೇಳದೆ ನುಂಗಿಕೊಂಡ ಭಾಗವೊಂದಿದೆ. ಆ ಬೆಳಿಗ್ಗೆ ಅವನಿಗೆ ನಮ್ಮ ಮನೆಯಿಂದ ಚಹಾ ಹೋದದ್ದು ಜಗಲಿಯ ಹೊರಗೆ, ಬೇರೆಯಾಗಿಯೇ ಇಟ್ಟಿದ್ದ ಗ್ಲಾಸಿನಲ್ಲಿ. ರಾತ್ರಿ ಅವನ ಕಾಲಿಗೆ ಬಿದ್ದಿದ್ದ ಮನೆಯೇ ಅದು. ಬಣ್ಣ ಕಳಚಿದರೆ ಮನುಷ್ಯನಾಗಬೇಕಿತ್ತು. ನಮ್ಮ ಊರು ಅವನನ್ನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಳಿಸಿತ್ತು.

ಹಾಗಾಗಿ ಬಣ್ಣ ಕಳಚಲು ಬಿಡದ ತಾರಾಭಕ್ತಿಯನ್ನು ಪೂರ್ತಿ ಹಳಿಯುವ ಧೈರ್ಯ ನನಗಿಲ್ಲ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಬೆಳೆದ ರಾಜಕುಮಾರರನ್ನು ಕನ್ನಡಿಗರು ಮೇಕಪ್ ಇಲ್ಲದ ಬಿಳಿ ಪಂಚೆ ಅಂಗಿಯಲ್ಲಿಯೂ ಅಷ್ಟೇ ಗೌರವದಿಂದ ಕಂಡರು. ಅವರ ಊರು ಗಾಜನೂರು ಕೂಡ ನಮ್ಮ ಹಾಗೆ ಗೆರೆಯ ಆಚೆ, ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿ ಉಳಿದದ್ದು. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಹೊತ್ತೊಯ್ದದ್ದು ಅಲ್ಲಿಂದಲೇ. ‘ಅಭಿಮಾನಿ ದೇವರುಗಳೇ’ ಎಂದು ಅವರು ಕರೆಯುತ್ತಿದ್ದರಲ್ಲ, ಅದರಲ್ಲಿ ವಿನಯದಷ್ಟೇ ಜಾಣತನವೂ ಇತ್ತೆಂದು ನನ್ನ ಎಣಿಕೆ. ತನ್ನ ತಲೆಗೆ ಏರಿಸುತ್ತಿದ್ದ ಅಣಿಯನ್ನು ಅವರು ಮೆಲ್ಲಗೆ ಎತ್ತಿ ಜನರ ತಲೆಗೇ ಇಟ್ಟರು. ಆದರೂ 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ದೊಂಬಿಯಾಯಿತು, ಜೀವಗಳು ಹೋದವು. ಅವರ ಮತ್ತು 2021ರಲ್ಲಿ ಅಗಲಿದ ಪುನೀತರ ಕಣ್ಣುಗಳು ದಾನವಾದದ್ದನ್ನು ಕಂಡು ನಮ್ಮ ಕಡೆಯಲ್ಲೂ ನೇತ್ರದಾನಕ್ಕೆ ಹೆಸರು ಬರೆಸಿದವರನ್ನು ನಾನು ಬಲ್ಲೆ. ಒಂದೇ ಭಕ್ತಿ ಎರಡೂ ಕಡೆಗೆ ಹರಿಯುತ್ತದೆ.

ಕರಾರು ಇಲ್ಲದ ದೇವರು ಎಷ್ಟು ದೂರ ಹೋಗಬಹುದೆಂಬುದಕ್ಕೆ ಫುಟ್‌ಬಾಲಿನ ಮರಡೋನಾ ಸಾಕ್ಷಿ. ಅರ್ಜೆಂಟೀನಾದ ರೊಸಾರಿಯೋದಲ್ಲಿ 1998ರಲ್ಲಿ ಅವನ ಹೆಸರಿನಲ್ಲೊಂದು ಚರ್ಚೇ ಶುರುವಾಯಿತು. ಅವನು ಹುಟ್ಟಿದ 1960ರಿಂದ ಅಲ್ಲಿ ವರ್ಷಗಳ ಲೆಕ್ಕ. 2012ರ ಅಕ್ಟೋಬರಿನಲ್ಲಿ ಆ ದೇವರು ನೆರೆಯ ಕಣ್ಣೂರಿಗೂ ಬಂದಿತ್ತು, ಒಂದು ಆಭರಣ ಮಳಿಗೆಯ ಉದ್ಘಾಟನೆಗೆ. ನಮ್ಮೂರಿನಿಂದ ಜೀಪು ಮಾಡಿಕೊಂಡು ಹೋದವರಿಗೆ ಜನರ ತಲೆಗಳಷ್ಟೇ ಕಂಡವಂತೆ. ಅದನ್ನೂ ಅವರು ದರ್ಶನವೆಂದೇ ಹೇಳುತ್ತಾರೆ. ಗರ್ಭಗುಡಿಯೇ ಇಲ್ಲದ ಇಂಥ ಜಾತ್ರೆಗಳಲ್ಲಿ ಕೊನೆಗೆ ಬೆಲೆ ತೆರುವವರು ದೂರದಲ್ಲಿ ನಿಂತವರು. 2025ರ ಜೂನ್ 4ರಂದು, ಬೆಂಗಳೂರಿನ ತಂಡ ಕೊನೆಗೂ ಐಪಿಎಲ್ ಕಪ್ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತರು. 2011ರ ಜನವರಿ 14ರಂದು ಶಬರಿಮಲೆಯಿಂದ ಮರಳುವಾಗ ಪುಲ್ಲುಮೇಡಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಹಳೆಯದು ಸುರಕ್ಷಿತ, ಹೊಸದು ಅಪಾಯಕಾರಿ ಎಂದು ಹೇಳುವ ಹಕ್ಕು ನಮಗಿಲ್ಲ.

ಕವಲುದಾರಿಯ ಆ ಮೆಸ್ಸಿಯ ಫ್ಲೆಕ್ಸು ಜನವರಿಯಲ್ಲಿ ಅಣ್ಣನ ಮನೆಗೆ ಬಂತು. ಅಡಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಹರವುವುದಕ್ಕೆ ಒಳ್ಳೆಯ ಹಾಸು ಎಂದು ಅತ್ತಿಗೆಯೇ ಹೇಳಿ ತರಿಸಿದ್ದು. ಹುಡುಗರು ಅದನ್ನು ಮುಖ ಮೇಲಾಗಿ ಬಿಡಿಸಿ ಹಾಕಿದ್ದರು. ಕಾಲಿಡುವ ಮೊದಲು ಅತ್ತಿಗೆ ಒಂದು ಕ್ಷಣ ನಿಂತರು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿದರು, ಆಮೇಲೆ ಎರಡೂ ತುದಿ ಹಿಡಿದೆಳೆದು ಅದನ್ನು ಕವುಚಿ ಹಾಕಿದರು. ನಂತರವೇ ಅದರ ಮೇಲೆ ಅಡಕೆ ಸುರಿದದ್ದು.