ಕಂಕಣ ಕಟ್ಟಿಕೊಂಡವರ ಕಡಲು

ನಮ್ಮ ಕಡೆ ಮದುವೆ ಗಂಡಿಗೆ ಕಂಕಣ ಕಟ್ಟಿದ ಮೇಲೆ ಅವನು ಊರ ಗಡಿ ದಾಟುವಂತಿಲ್ಲ. ಜಮೈಕಾದ ಉತ್ತರ ಕರಾವಳಿಯ ಆ ಸಣ್ಣ ರೆಸಾರ್ಟಿನವರಿಗೆ ಈ ಶಾಸ್ತ್ರವನ್ನು ಯಾರು ಹೇಳಿಕೊಟ್ಟರೋ ಕಾಣೆ. ಮಾಂಟೆಗೋ ಬೇ ವಿಮಾನ ನಿಲ್ದಾಣದಿಂದ ಕರೆತಂದು ಇಳಿಸಿದೊಡನೆ ತಣ್ಣನೆಯ ಟವೆಲೊಂದನ್ನು ಕೈಗಿತ್ತು, ನಾವು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಲಗೈಗೆ ನೀಲಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಬಿಗಿದರು. ಇನ್ನು ಐದು ದಿನ ಊಟ, ತಿಂಡಿ, ಪಾನೀಯ, ಛತ್ರಿ, ಒರಗುಕುರ್ಚಿ, ಸಂಜೆಯ ಸಂಗೀತ ಎಲ್ಲವೂ ಸೇರಿದೆ, ಜೇಬಿಗೆ ಕೈ ಹಾಕುವ ಅಗತ್ಯವೇ ಇಲ್ಲ ಎಂದರು. ಸಂಜೆ ಹೊರಗೆ ಒಂದು ಸುತ್ತು ಹೋಗಿಬರಬಹುದೇ ಎಂದು ಕೇಳಿದ್ದಕ್ಕೆ ಸ್ವಾಗತಕಟ್ಟೆಯ ಹೆಣ್ಣುಮಗಳು, ಛತ್ರದಲ್ಲಿ ಊಟಕ್ಕೆ ಎಲೆ ಹಾಕಿದ ಮೇಲೆ ಹೋಟೆಲಿನ ದಾರಿ ಕೇಳಿದವನನ್ನು ನೋಡುವಂತೆ ನನ್ನನ್ನು ನೋಡಿ, "ಹೊರಗೆ ಯಾಕೆ ಸರ್, ಎಲ್ಲವೂ ಇಲ್ಲೇ ಇದೆಯಲ್ಲ" ಎಂದರು.

ರೆಸಾರ್ಟು ಹೇಗಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲವೇ ಎಂದು ತೂಗಿ ಹೇಳಬೇಕೆಂದು ಸ್ನೇಹಿತರು ಕೇಳಿದ್ದಾರೆ. ಆದರೆ ಹಣವನ್ನು ಮೊದಲೇ ಕಟ್ಟಿ ಬಂದವನ ತಕ್ಕಡಿ ನೆಟ್ಟಗಿರುವುದಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರು ಪುಕ್ಕಟೆಯಲ್ಲದ್ದನ್ನು ಪುಕ್ಕಟೆಯೆಂದು ನಂಬಿದಾಗ ಏನಾಗುತ್ತದೆ ಎಂಬುದನ್ನು ಅಲ್ಲಿನ ಉಪಾಹಾರದ ಮೇಜಿನ ಬಳಿ ಕಣ್ಣಾರೆ ಕಾಣಬಹುದು. ಎರಡನೆಯ ಬೆಳಿಗ್ಗೆಗೇ ನನ್ನ ಹೊಟ್ಟೆ ಸಾಕೆಂದಿತ್ತು. ರಸೀದಿ ಮಾತ್ರ ಇನ್ನೊಂದು ತಟ್ಟೆಗೆ ಒತ್ತಾಯಿಸುತ್ತಿತ್ತು. ಮರಗೆಣಸಿನಿಂದ ಮಾಡುವ ಬ್ಯಾಮಿ ಎಂಬ ರೊಟ್ಟಿಯನ್ನೂ, ತೆಂಗಿನ ಹಾಲಿನಲ್ಲಿ ಕಾಳು ಸೇರಿಸಿ ಬೇಯಿಸಿದ ಅನ್ನವನ್ನೂ ಅಡುಗೆಯವರು ನಾಚಿಕೊಂಡವರಂತೆ ಮೂಲೆಯಲ್ಲಿಟ್ಟಿದ್ದರು. ನಡುವಿನ ಮೇಜಿನ ಮೇಲೆ ಚೀಟಿ ಅಂಟಿಸಿದ ಸೇಬುಗಳು ಹೊಳೆಯುತ್ತಿದ್ದವು. ಗೋಡೆಯಾಚೆಯ ಮಾವಿನ ಮರದ ಹಣ್ಣುಗಳು ಒಂದೊಂದಾಗಿ ತೊಪ್ಪೆಂದು ಬಿದ್ದು ಕೊಳೆಯುತ್ತಿದ್ದವು. ಬ್ಲೂ ಮೌಂಟನ್ ಕಾಫಿಯ ನಾಡಿಗೆ ಬಂದಿದ್ದೇನಲ್ಲ ಎಂದು ಹಿಗ್ಗಿ ಲೋಟ ಹಿಡಿದರೆ, ಯಂತ್ರದ ಗುಂಡಿ ಒತ್ತಿದಾಗ ಬಂದದ್ದು ಯಾವ ಬೆಟ್ಟವನ್ನೂ ಕಂಡಿರದ ಕರಿನೀರು. ಬ್ಲೂ ಮೌಂಟನ್ ಕಾಫಿ ಅಲ್ಲಿನ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದಂತೆ. ಅದು ಎಲ್ಲದರಲ್ಲಿ ಸೇರಿಲ್ಲ.

ಇಂಥ ಕೊರತೆಗಳಿಗಾಗಿ ಅಂಕ ಕಳೆಯುವುದು ಸಣ್ಣತನವಾದೀತು. ರೆಸಾರ್ಟಿನ ನಿಜವಾದ ಬೆಲೆ ಇರುವುದು ಅದರ ದಂಡೆಯಲ್ಲಿ. ಅದು ನಲವತ್ತು ಕೋಣೆಗಳ ಅತಿಥಿಗಳಿಗೆ ಸಾಲುವಷ್ಟು ಬಿಳಿ ಮರಳು. ಎರಡೂ ಬದಿಗೆ ಕಲ್ಲುಬಂಡೆಗಳ ಸಾಲು, ನೀರಿನೊಳಕ್ಕೆ ಇಳಿದುಹೋಗುವ ಹಗ್ಗ, ಹಗ್ಗಕ್ಕೆ ಪೋಣಿಸಿದ ಕಿತ್ತಳೆ ಬಣ್ಣದ ಗುಂಡುಗಳು. ಹಗ್ಗದ ಬುಡದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿನೊಳಗೆ ಮರಳು ತುಂಬಿಕೊಂಡು, ಕಡಲಿಗೆ ಬೆನ್ನು ತಿರುಗಿಸಿ ನಿಂತ ಕಾವಲುಗಾರ. ಅವನು ಕಾಯುತ್ತಿದ್ದದ್ದು ಜಮೈಕಾದವರು ಜಮೈಕಾದ ಕಡಲಿಗೆ ಇಳಿಯದಂತೆ.

ಇದು ಕಾನೂನುಬಾಹಿರವೆಂದು ಯಾರೂ ಅವಸರದಲ್ಲಿ ತೀರ್ಮಾನಿಸಬಾರದು. 1956ರ ಕಡಲತೀರ ನಿಯಂತ್ರಣ ಕಾಯ್ದೆಯ ಪ್ರಕಾರ ಭರತ ಮತ್ತು ಇಳಿತಗಳ ನಡುವಿನ ಒದ್ದೆ ಪಟ್ಟಿಯೂ ಅದರಾಚೆಯ ಕಡಲತಳವೂ ರಾಜಸತ್ತೆಗೆ ಸೇರಿದ್ದು. ಹೋಟೆಲಿನವರು ಪರವಾನಗಿ ಪಡೆಯಬಹುದು, ಆದರೆ ಅಲ್ಲಿ ಮೀಯುವ ಸಾಮಾನ್ಯ ಹಕ್ಕು ಪ್ರಜೆಗಳಿಗಿಲ್ಲ. ಬ್ರಿಟಿಷರು ಹೊರಡಲು ಇನ್ನು 6 ವರ್ಷವಿದೆ ಎನ್ನುವಾಗ ಬರೆದಿಟ್ಟ ಈ ಕಾಯ್ದೆಯನ್ನು, 1962ರಲ್ಲಿ ಅವರು ಹೋದ ಮೇಲೂ ಯಜಮಾನರು ಮರೆತುಹೋದ ಕೊಡೆಯಂತೆ ಜೋಪಾನವಾಗಿ ಕಾಪಾಡಿಕೊಂಡು ಬರಲಾಗಿದೆ. ಹಕ್ಕು ಪಡೆಯಲು ದಾರಿಯೇ ಇಲ್ಲವೆಂದೇನೂ ಅಲ್ಲ. 1882ರ ಇನ್ನೊಂದು ಕಾಯ್ದೆಯು, ಯಾವುದಾದರೂ ದಂಡೆಯಲ್ಲಿ ಜನ 20 ವರ್ಷ ಅಡೆತಡೆಯಿಲ್ಲದೆ ಮಿಂದಿದ್ದರೆ, ಮೀನು ಹಿಡಿದಿದ್ದರೆ, ಅಲ್ಲಿ ಅವರಿಗೆ ಹಕ್ಕು ಉಂಟೆಂದು ಉದಾರವಾಗಿ ಒಪ್ಪುತ್ತದೆ. ಹಾಗಾಗಿ ಕಡಲಿಗಿಳಿಯುವ ಹಕ್ಕು ಬೇಕಾದವನು ಮೊದಲು ಹಕ್ಕಿಲ್ಲದೆ 20 ವರ್ಷ ಕಡಲಿಗಿಳಿದಿರಬೇಕು, ಆ ಅವಧಿಯಲ್ಲಿ ಹಗ್ಗದ ಬಳಿಯ ಕಾವಲುಗಾರ ಒಮ್ಮೆಯೂ ತಡೆದಿರಬಾರದು. ಜ್ಯಾಬೆಮ್ ಎಂಬ ಸಂಘಟನೆಯವರು ಇಂಥ ಹಕ್ಕುಗಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಅವರ ಮೊಕದ್ದಮೆಗಳಲ್ಲಿ ಬಾಬ್ ಮಾರ್ಲಿಯ ಹೆಸರಿನ ದಂಡೆಯದೂ ಒಂದು. ನಮ್ಮ ರೆಸಾರ್ಟಿನಲ್ಲಿ ಬೆಳಿಗ್ಗೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಮಾರ್ಲಿಯ ಹಾಡುಗಳು ಎಲ್ಲದರಲ್ಲಿ ಸೇರಿದ್ದವು.

ಬಾರ್ಬಡೋಸ್, ಆಂಟಿಗುವಾಗಳಲ್ಲಿ ಕಡಲದಂಡೆಗಳೆಲ್ಲ ಸಾರ್ವಜನಿಕವಂತೆ. ಅಲ್ಲಿ ಅತಿಥಿಯು ಮಗ್ಗುಲಲ್ಲೇ ಊರ ಹುಡುಗರ ಗದ್ದಲವನ್ನು ಸಹಿಸಿಕೊಳ್ಳಬೇಕಾಗುತ್ತದೆ; ಹೀಗಾಗಿ ಏಕಾಂತದ ಲೆಕ್ಕದಲ್ಲಿ ಜಮೈಕಾಕ್ಕೇ ಹೆಚ್ಚು ಅಂಕ ಕೊಡಬೇಕು. ಮೂರನೆಯ ದಿನ ಮರದ ಗೊಂಬೆಗಳನ್ನು ಕೆತ್ತಿ ಮಾರುವ ಮುದುಕರೊಬ್ಬರು ಮೊಣಕಾಲುದ್ದ ನೀರಿನಲ್ಲಿ ಹಗ್ಗದಾಚೆ ನಿಂತು, ಒಂದು ಗಿಳಿಯನ್ನು ನನ್ನತ್ತ ಎತ್ತಿ ಹಿಡಿದರು. ನಾನು ಈಚೆ ಮೊಣಕಾಲುದ್ದ ನೀರಿನಲ್ಲಿದ್ದೆ. ಅದೇ ಅಲೆ ಅವರ ಕಾಲನ್ನೂ ನನ್ನ ಕಾಲನ್ನೂ ತೊಳೆದು ಹೋಯಿತು. ಪರವಾನಗಿಯ ವಿಚಾರ ಅಲೆಗೆ ಗೊತ್ತಿದ್ದಂತಿರಲಿಲ್ಲ. ಬೆಲೆ ಕೇಳೋಣವೆಂದರೆ, ಎಲ್ಲವೂ ಸೇರಿದ್ದರಿಂದ ನನ್ನ ಜೇಬಿನಲ್ಲಿ ಒಂದು ಕಾಸೂ ಇರಲಿಲ್ಲ. ಕಾವಲುಗಾರ ಅತ್ತ ಎರಡು ಹೆಜ್ಜೆ ಇಟ್ಟ ಕೂಡಲೇ ಗಿಳಿ ಚೀಲ ಸೇರಿತು.

ಆ ಕಾವಲುಗಾರನೊಡನೆ ನನಗೆ ಸಲಿಗೆ ಬೆಳೆದಿತ್ತು. ಅವನು ಈಜು ಕಲಿತದ್ದು ಇದೇ ನೀರಿನಲ್ಲಿ, ಆಗ ಹಗ್ಗ ಇರಲಿಲ್ಲ. ಈಗ ರಜೆಯ ದಿನ ಮಕ್ಕಳನ್ನು ಕರೆತರಬೇಕಾದರೆ ತಲೆಗೊಂದರಂತೆ ದಿನದ ಪಾಸು ಕೊಳ್ಳಬೇಕು. ದರವನ್ನು ಅವನು ಅಮೆರಿಕದ ಡಾಲರುಗಳಲ್ಲೇ ಹೇಳಿದ.

ಐದನೆಯ ದಿನ ಲೆಕ್ಕ ಮುಗಿದಾಗ ಸ್ವಾಗತಕಟ್ಟೆಯವರು ಪುಟ್ಟ ಕತ್ತರಿಯಿಂದ ನನ್ನ ಕಂಕಣ ಕತ್ತರಿಸಿದರು. ಟ್ಯಾಕ್ಸಿ ಬರಲು ಇನ್ನೂ ಒಂದು ಗಂಟೆಯಿತ್ತು. ಚಪ್ಪಲಿಯನ್ನು ಮರಳಿನಲ್ಲೇ ಬಿಟ್ಟುಬಂದದ್ದು ನೆನಪಾಗಿ ದಂಡೆಗೆ ಹೋದೆ. ದಿನಕ್ಕೆ ಹತ್ತು ಸಲ ನಗುತ್ತಾ ಮಾತಾಡಿಸುತ್ತಿದ್ದ ಗೆಳೆಯ ಮೊದಲು ನನ್ನ ಬಲಗೈಯನ್ನು ನೋಡಿದ. ಆಮೇಲೆ ತಾನೇ ಹೋಗಿ ಚಪ್ಪಲಿ ತಂದುಕೊಟ್ಟು, ಹಗ್ಗದಾಚೆ ಬಾದಾಮಿ ಮರದ ನೆರಳಿದೆ, ಅಲ್ಲಿ ಕುಳಿತು ಕಡಲು ನೋಡುವುದಕ್ಕೆ ಪಾಸು ಬೇಕಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಹೋದೆ. ಗಿಳಿ ಮಾರುವ ಮುದುಕರು ಸ್ವಲ್ಪ ಸರಿದು ಜಾಗ ಕೊಟ್ಟರು.